ಎರಡು ಲಾರಿಗಳ ನಡುವಿನ ಒಂದು ಗೇಣು

ಬೆಳಕು ಇನ್ನೂ ಪೂರ್ತಿ ಬಿಟ್ಟಿಲ್ಲ. ಸರಕು ಅಂಗಳದ ದೀಪಗಳು ಮಂಜಿನಲ್ಲಿ ಹಳದಿ ಉಂಡೆಗಳ ಹಾಗೆ ತೂಗುತ್ತಿವೆ. ಒಂದು ಲಾರಿ ಆಗಲೇ ಹಿಂಬಾಗಿಲು ಇಳಿಸಿ ನಿಂತಿದೆ. ಇನ್ನೊಂದು ಹಿಮ್ಮುಖವಾಗಿ ಅದರ ಕಡೆಗೆ ಬರುತ್ತಿದೆ. ಎರಡರ ನಡುವೆ ಒಬ್ಬ ಮನುಷ್ಯ ನಿಂತಿದ್ದಾರೆ. ಬೆನ್ನ ಹಿಂದೆ ಕಬ್ಬಿಣ, ಎದೆಯ ಮುಂದೆ ಕಬ್ಬಿಣ. ತಲೆಗೆ ಟವೆಲ್ ಸುತ್ತಿದೆ, ಬಲಗೈ ಗಾಳಿಯಲ್ಲಿ ಮಗುವನ್ನು ಹತ್ತಿರ ಕರೆಯುವಂತೆ ಆಡುತ್ತಿದೆ.

“ಬಾ, ಬಾ, ಬಾ... ಸ್ವಲ್ಪ ನಿನ್ನ ಕಡೆ ತಗೋ... ಬಾ... ಬಾ...”

ಲಾರಿಯ ಹಿಂದಿನ ದೀಪ ಅವರ ಮುಖವನ್ನು ಕೆಂಪಾಗಿಸುತ್ತದೆ. ಇನ್ನು ಒಬ್ಬರು ನಿಲ್ಲುವಷ್ಟೇ ಜಾಗ. ಅಷ್ಟರಲ್ಲಿ, ಬಾಗಿಲ ಸಂದಿಯಿಂದ ಬೆಕ್ಕು ನುಸುಳುವಂತೆ ಅವರು ಪಕ್ಕಕ್ಕೆ ಬಂದುಬಿಡುತ್ತಾರೆ. “ಸಾಕು” ಎನ್ನುತ್ತಾರೆ. ಕೂಗುವುದೇನಿಲ್ಲ, ಊಟದ ಪಂಕ್ತಿಯಲ್ಲಿ ಹೇಳುವಷ್ಟೇ ಮೆಲ್ಲಗೆ. ಬ್ರೇಕು ನಿಟ್ಟುಸಿರು ಬಿಡುತ್ತದೆ. ಆಮೇಲೆ ಅವರು ಎರಡು ಲಾರಿಗಳ ನಡುವಿನ ಸಂದಿಗೆ ಕೈ ಚಾಚಿ ಬೆರಳುಗಳನ್ನು ಅಗಲಿಸುತ್ತಾರೆ. ಹೆಬ್ಬೆರಳು ಆ ಲಾರಿಗೆ ತಾಗುತ್ತದೆ, ಕಿರುಬೆರಳು ಈ ಲಾರಿಗೆ. ಒಂದು ಗೇಣು. ಸಂದಿಯ ಕೆಳಗೆ, ನೆಲದ ಮೇಲೆ, ಹಳದಿ ಬಣ್ಣದ ಒಂದು ಗೆರೆ. ಗೆರೆಯ ಈಚೆ ಒಂದು ದೇಶ, ಆಚೆ ಇನ್ನೊಂದು.

ಇಲ್ಲಿ ಒಂದು ದೇಶದ ಲಾರಿ ಇನ್ನೊಂದು ದೇಶಕ್ಕೆ ಹೋಗುವಂತಿಲ್ಲ. ಎರಡೂ ಗೆರೆಯ ತನಕ ಬಂದು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಹಮಾಲರು ನಡುವೆ ಹಲಗೆ ಹಾಸಿ, ಸರಕನ್ನು ಆ ಲಾರಿಯ ಹೊಟ್ಟೆಯಿಂದ ಈ ಲಾರಿಯ ಹೊಟ್ಟೆಗೆ ದಾಟಿಸುತ್ತಾರೆ. ಆಚೆಯಿಂದ ಗಾಜು, ಪಿಂಗಾಣಿ, ಹಣ್ಣು, ಪ್ಲಾಸ್ಟಿಕ್ ಸಾಮಾನು ಬರುತ್ತದೆ. ಈಚೆಯಿಂದ ಹತ್ತಿ, ಸೋಪು, ಶುಂಠಿ, ಸೈಕಲ್ಲಿನ ಬಿಡಿಭಾಗಗಳು ಹೋಗುತ್ತವೆ. ಎರಡು ದೇಶಗಳ ವ್ಯಾಪಾರ ಸಂಬಂಧ ಎಂದು ಪತ್ರಿಕೆಗಳು ಬರೆಯುವುದೆಲ್ಲ ಕೊನೆಗೆ ಈ ಒಂದು ಗೇಣಿನ ಮೇಲೆಯೇ ನಡೆದುಹೋಗಬೇಕು. ಆ ಗೇಣನ್ನು ಅಳೆದು ಕೊಡುವವರು ಇವರು.

ಅಂಗಳದಲ್ಲಿ ಎಲ್ಲರಿಗೂ ಇವರು ಸಾಕಣ್ಣ. ದಿನಕ್ಕೆ ನೂರು ಸಲ ‘ಸಾಕು’ ಎನ್ನುವವರಿಗೆ ಬೇರೆ ಹೆಸರು ಅಂಟುವುದಾದರೂ ಹೇಗೆ? ನಮ್ಮ ಭಾಷೆಯ ಒಂದಕ್ಷರ ಬಾರದ ಆಚೆಯ ಡ್ರೈವರುಗಳಿಗೂ ಆ ಒಂದು ಮಾತು ಗೊತ್ತು. ಸಾಕಣ್ಣನ ಹೆಂಡತಿ ಗೇಟಿನ ಹೊರಗಿನ ಬೀದಿಯಲ್ಲಿ ಲಾರಿಗಳ ಟಾರ್ಪಾಲು ಹೊಲಿಯುತ್ತಾರೆ. ಗಂಡನ ಹೆಸರು ಎತ್ತಿದರೆ ಸೂಜಿ ನಿಲ್ಲಿಸಿ ನಗುತ್ತಾರೆ. “ಎರಡು ದೇಶಕ್ಕೂ ಸಾಕು ಸಾಕು ಅಂತಾರೆ. ಊಟಕ್ಕೆ ಬಡಿಸೋವಾಗ ಮಾತ್ರ ಆ ಮಾತು ಬಾಯಿಗೇ ಬರಲ್ಲ.”

ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಮೊದಲು ಹಮಾಲಿ ಮಾಡುತ್ತಿದ್ದರು. ಒಂದು ದಿನ ಲಾರಿಗೆ ಹಿಂದೆ ಬರಲು ಸನ್ನೆ ಮಾಡುತ್ತಿದ್ದವನು ಜ್ವರ ಬಂದು ಮಲಗಿದ. ಮೇಸ್ತ್ರಿ ಸುತ್ತ ನೋಡಿ, ಸುಮ್ಮನೆ ನಿಂತಿದ್ದ ಇವರನ್ನು ಕರೆದ. ಪತ್ರಿಕೆಗೆ ಬರೆಯಲು ಬಂದ ನನಗೆ ಅವರು ಹೇಳಿದ್ದು: “ನನ್ನ ದನಿ ದೊಡ್ಡದು ಅಂತ ಕರೆದ್ರಂತೆ. ದನಿ ಯಾರಿಗೆ ಬೇಕು ಮಗಳೇ? ಇಂಜಿನ್ ಸದ್ದಲ್ಲಿ ಏನೂ ಕೇಳ್ಸಲ್ಲ. ಡ್ರೈವರ್ ನನ್ನ ಮುಖ ನೋಡ್ತಾನೆ. ನಾನು ಹೆದರಿದ್ರೆ ಅವನೂ ಹೆದರ್ತಾನೆ.”

ಆ ಮುಖ ಕಾಣುವುದಕ್ಕೂ ಒಂದು ಲೆಕ್ಕಾಚಾರವಿದೆ. ನಮ್ಮ ಲಾರಿಗಳ ಸ್ಟೇರಿಂಗ್ ಬಲಕ್ಕೆ, ಅವರದ್ದು ಎಡಕ್ಕೆ. ಆ ದೇಶದ ರಸ್ತೆಯಲ್ಲಿ ವಾಹನಗಳು ನಮ್ಮದಕ್ಕೆ ತದ್ವಿರುದ್ಧವಾಗಿ ಓಡುತ್ತವೆ. ಆದರೆ ಎರಡು ಲಾರಿಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಾಗ ವಿಚಿತ್ರವೊಂದು ನಡೆಯುತ್ತದೆ. ಇಬ್ಬರು ಡ್ರೈವರುಗಳೂ ಒಂದೇ ಬದಿಯ ಕಿಟಕಿಯಿಂದ ತಲೆ ಹೊರಗೆ ಹಾಕುತ್ತಾರೆ. ಆಚೆಯವನೂ ಈಚೆಯವನೂ ಒಬ್ಬರಿಗೊಬ್ಬರು ಕಾಣುತ್ತಾರೆ, ನಡುವೆ ಸಾಕಣ್ಣ ಇಬ್ಬರಿಗೂ ಕಾಣುತ್ತಾರೆ. ಇದನ್ನು ಮೊದಲ ಸಲ ನೋಡಿದಾಗ ನನ್ನ ಕೈಯಲ್ಲಿದ್ದ ಪೆನ್ನು ಹಾಗೇ ನಿಂತುಹೋಯಿತು. ಇಬ್ಬರ ನಿಯಮಗಳೂ ಒಂದೇ ಆಗಿದ್ದರೆ ಇಬ್ಬರೂ ಬೇರೆ ಬೇರೆ ಬದಿಗೆ ತಲೆ ಹಾಕಿ, ಒಬ್ಬರ ಮುಖ ಒಬ್ಬರು ನೋಡದೆ ಹೋಗುತ್ತಿದ್ದರು.

ಇಷ್ಟು ವರ್ಷ ಇಷ್ಟು ಲಾರಿಗಳನ್ನು ನಡೆಸಿದ ಸಾಕಣ್ಣನಿಗೆ ಲಾರಿ ಬಿಡಲು ಬರುವುದಿಲ್ಲ. ಲಾರಿ ಇರಲಿ, ಸ್ಕೂಟರೂ ಬಾರದು. ಮಗಳು ಬಾಡಿಗೆಗೆ ಸರಕಿನ ಆಟೊ ಓಡಿಸುತ್ತಾಳೆ. “ಅಪ್ಪನ್ನ ಪಕ್ಕದಲ್ಲಿ ಕೂರಿಸ್ಕೊಂಡ್ರೆ ಮುಗೀತು. ಮುಂದೆ ಹೋಗೋ ಗಾಡೀಲಿ ಕೂತ್ಕೊಂಡು ಹಿಂದೇನೇ ನೋಡ್ತಿರ್ತಾರೆ” ಎನ್ನುತ್ತಾಳೆ.

ಅಪಾಯ ಬಂದದ್ದೂ ಹಿಂದಿನಿಂದಲೇ. ಕೆಲವು ವರ್ಷಗಳ ಕೆಳಗೆ ಒಂದು ಲಾರಿಯ ಬ್ರೇಕು ಹಿಡಿಯಲಿಲ್ಲ. ಸಾಕು ಎಂದ ಮೇಲೂ ಅದು ಇನ್ನೊಂದು ಮೊಳ ಹಿಂದೆ ಬಂತು. ಎರಡು ಪಕ್ಕೆಲುಬು ಮುರಿದವು. ಅಷ್ಟಕ್ಕೇ ಮುಗಿದದ್ದು, ಆಚೆ ಕಡೆಯ ಹಮಾಲರ ಮೇಸ್ತ್ರಿ ಗೆರೆಯ ಆ ಬದಿಯಿಂದ ಕೈ ಚಾಚಿ ಇವರ ಕಾಲರ್ ಹಿಡಿದು ಎಳೆದದ್ದರಿಂದ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು “ಬೀಗರೇ” ಎಂದು ಕರೆಯುತ್ತಾರೆ. ಇಬ್ಬರ ಮಕ್ಕಳ ನಡುವೆ ಯಾವ ಸಂಬಂಧವೂ ಇಲ್ಲ. ಕೇಳಿದರೆ ಸಾಕಣ್ಣ ಹೇಳುತ್ತಾರೆ: “ಕೊಡೋದು ತಗೊಳ್ಳೋದು ಇರೋ ಕಡೆ ಬೀಗತನ ತಾನೇ? ದಿನಾ ಸಾಮಾನು ಕಳಿಸ್ತಾರೆ, ನಾವು ತುಂಬಿಸ್ಕೋತೀವಿ. ನಾವು ಕಳಿಸ್ತೀವಿ, ಅವರು ತುಂಬಿಸ್ಕೋತಾರೆ. ಯಾವುದೋ ಒಂದಕ್ಕೆ ಮುನಿಸೂ ಬರುತ್ತೆ. ಬೀಗರಲ್ಲದೆ ಇನ್ನೇನು?” ಇಬ್ಬರ ಮನೆಗಳೂ ಕೂಗಳತೆಯ ದೂರದಲ್ಲಿವೆ. ಒಬ್ಬರ ಮನೆಯನ್ನು ಇನ್ನೊಬ್ಬರು ನೋಡಿಲ್ಲ.

ನಿಲ್ಲಿಸಿದರೆ ಇವರ ಕೆಲಸ ಮುಗಿಯಿತು ಅಂದುಕೊಂಡವರಿಗೆ ಅರ್ಧವಷ್ಟೇ ಗೊತ್ತು. ತುಂಬಿದ ಲಾರಿ ತಗ್ಗಿರುತ್ತದೆ, ಖಾಲಿ ಲಾರಿ ಎತ್ತರದಲ್ಲಿರುತ್ತದೆ. ಸರಕು ದಾಟಿದಂತೆಲ್ಲ ಕೊಡುವ ಲಾರಿ ಮೇಲೇಳುತ್ತದೆ, ಪಡೆಯುವ ಲಾರಿ ಕುಗ್ಗುತ್ತದೆ. ಭಾರ ಹೊರುವ ಅಡಿಯ ಕಮಾನುಪಟ್ಟಿಗಳು ನರಳುತ್ತವೆ. ನಡುವೆ ಎಲ್ಲೋ ಒಂದು ಹೊತ್ತು ಎರಡೂ ಒಂದೇ ಮಟ್ಟಕ್ಕೆ ಬರುತ್ತವೆ. ಅದಕ್ಕೆ ಅಂಗಳದವರು ಇಟ್ಟ ಹೆಸರು ‘ಸಮ’. ಸಾಕಣ್ಣ ಅಂಗೈಯನ್ನು ಅರ್ಧ ಆ ಲಾರಿಯ ಮೇಲೆ, ಅರ್ಧ ಈ ಲಾರಿಯ ಮೇಲೆ ಇಟ್ಟು ಕಣ್ಣು ಮುಚ್ಚುತ್ತಾರೆ. ಮಟ್ಟ ಸರಿಯಾದಾಗ “ಸಮ ಬಂತು” ಎನ್ನುತ್ತಾರೆ. ಭಾರದ್ದು, ಒಡೆಯುವಂಥದ್ದು ಏನಿದ್ದರೂ ಆಗ ದಾಟಬೇಕು. ಅದಕ್ಕೇ ಎರಡೂ ದೇಶದಲ್ಲಿ ಲಾರಿ ತುಂಬುವವರು ಗಾಜನ್ನು ಯಾವಾಗಲೂ ಸರಕಿನ ನಡುಭಾಗದಲ್ಲಿ ಇಡುತ್ತಾರೆ. ಯಾವ ಒಪ್ಪಂದದಲ್ಲೂ ಇದು ಬರೆದಿಲ್ಲ. ರೂಢಿ.

ಈ ರೂಢಿ ಹನ್ನೊಂದು ತಿಂಗಳು ನಿಂತುಹೋಗಿತ್ತು.

ಕಳೆದ ವರ್ಷ ಪಿಂಗಾಣಿ ಬಟ್ಟಲುಗಳ ಒಂದು ಪೆಟ್ಟಿಗೆ ಹಲಗೆಯ ಮೇಲಿಂದ ಜಾರಿತು. ಬಿದ್ದದ್ದು ನೇರ ಗೆರೆಯ ಮೇಲೆ. ಅರ್ಧ ಚೂರು ಆಚೆ, ಅರ್ಧ ಈಚೆ. ನಷ್ಟ ಯಾರದ್ದು ಎಂದು ಮಾತು ಬೆಳೆಯಿತು. ಮಾತಿಗೆ ಹಳೆಯ ತೆರಿಗೆಯ ಸಿಟ್ಟು ಸೇರಿತು, ತಡವಾದ ಪರವಾನಗಿಗಳ ಸಿಟ್ಟು ಸೇರಿತು. ಆಚೆಯ ಮೇಸ್ತ್ರಿ ತನ್ನ ಅರೆಬರೆ ಮಾತಿನಲ್ಲಿ ಹೇಳುವಂತೆ, “ಬಟ್ಟಲು ಒಂದು ನೆಪ. ಮನಸ್ಸು ಮೊದಲೇ ಒಡೆದು ಇತ್ತು.” ವಾರ ಕಳೆಯುವಷ್ಟರಲ್ಲಿ ಗೇಟು ಮುಚ್ಚಿತು.

ಗೇಟು ಮುಚ್ಚಿದಾಗ ಅದರ ಮುಂದಿನ ಬೀದಿಯೂ ಮುಚ್ಚಿತು. ಪಂಕ್ಚರ್ ಅಂಗಡಿ, ಚಹಾದಂಗಡಿ, ಡ್ರೈವರುಗಳು ಮಲಗುವ ಕೋಣೆಗಳು, ಎಲ್ಲಕ್ಕೂ ಬೀಗ. ಹೊಲಿಯಲು ಟಾರ್ಪಾಲು ಬರಲಿಲ್ಲ. ಹಮಾಲರಲ್ಲಿ ಅರ್ಧಕ್ಕರ್ಧ ಜನ ಬೇರೆ ಊರಿಗೆ ಹೊರಟುಹೋದರು. ಸಾಕಣ್ಣ ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊತ್ತರು. ಮುರಿದು ಕೂಡಿದ ಪಕ್ಕೆಲುಬು ಸಂಜೆ ಹೊತ್ತಿಗೆ ಬಾಯಿಬಿಡುತ್ತಿತ್ತು. ಮನೆಯಲ್ಲಿ ಕಪಾಟು ಸರಿಸುವಾಗಲೂ “ಬಾ, ಬಾ” ಅನ್ನುತ್ತಿದ್ದರಂತೆ. “ನಾನು ಕಪಾಟು ಎಳೀತಿದ್ದೀನಿ, ಇವರು ಕೈ ಆಡಿಸ್ತಿದ್ದಾರೆ. ಒಂದು ಕೈ ಹಾಕ್ಬಾರ್ದಾ ಅಂದ್ರೆ, ಅದು ನನ್ನ ಡ್ಯೂಟಿ ಅಲ್ಲ ಅಂತಾರೆ” ಎಂದು ಹೆಂಡತಿ ಹೇಳುವಾಗ ನಗು ಬರುತ್ತದೆ. ಆಮೇಲೆ ಅವರು ದನಿ ತಗ್ಗಿಸುತ್ತಾರೆ. “ಇಟ್ಟಿಗೆ ಅವರಿಗೆ ಭಾರ ಆಗಲಿಲ್ಲ ಮಗಾ. ಬೀದಿಯವರ ಬಾಯಿ ಭಾರ ಆಯ್ತು.”

ಬೀದಿಯವರ ಬಾಯಲ್ಲಿದ್ದದ್ದು ಒಂದೇ ಮಾತು: ಆ ದಿನ ಲಾರಿ ಮಟ್ಟ ತಪ್ಪಿತ್ತು, ಸಾಕಣ್ಣ ಹೇಳಬೇಕಿತ್ತು, ಹೇಳಲಿಲ್ಲ. ಒಬ್ಬ ಹಮಾಲ, ಹೇಳಿದ್ದರು ಎನ್ನುತ್ತಾನೆ. ಇನ್ನೊಬ್ಬ ಇಲ್ಲ ಎನ್ನುತ್ತಾನೆ. ಸಾಕಣ್ಣನನ್ನೇ ಕೇಳಿದೆ. ಟವೆಲ್ ಬಿಚ್ಚಿ, ಕೊಡವಿ, ಮತ್ತೆ ಸುತ್ತಿಕೊಂಡರು.

“ಹೇಳಿದ್ದೆ ಅಂತ ನನ್ನ ನೆನಪು. ಆದ್ರೆ ಹನ್ನೊಂದು ತಿಂಗಳು ಅದನ್ನೇ ನೆನೆಸ್ಕೊಂಡು ನೆನೆಸ್ಕೊಂಡು ಆ ನೆನಪೂ ಸವೆದುಹೋಗಿದೆ. ಈಗ ನನಗೇ ಗೊತ್ತಿಲ್ಲ.”

ಈ ವಾರ ಗೇಟು ಮತ್ತೆ ತೆರೆದಿದೆ, ಪರೀಕ್ಷೆಗೆಂದು. ಒಂದು ವಾರ ಸರಕು ಓಡಾಡಬೇಕು. ಏನೂ ಒಡೆಯಬಾರದು, ಯಾರಿಗೂ ಪೆಟ್ಟಾಗಬಾರದು, ಗೆರೆಯ ತನಕ ಬಂದ ಯಾವ ಲಾರಿಯೂ ಸರಕು ಕೊಡದೆ ವಾಪಸು ಹೋಗಬಾರದು. ವಾರ ಸರಿಯಾಗಿ ಕಳೆದರೆ ಎರಡೂ ದೇಶದವರು ಒಂದು ವರ್ಷದ ಒಪ್ಪಂದಕ್ಕೆ ಸಹಿ ಹಾಕುತ್ತಾರೆ. ಒಂದು ತಪ್ಪಾದರೆ ಮತ್ತೆ ಮಾತುಕತೆ. ಮಾತುಕತೆ ಎಂದರೆ ಎಷ್ಟು ತಿಂಗಳು ಎಂದು ಈ ಬೀದಿಗೆ ಗೊತ್ತು. ಈ ಬೆಳಗು ಪರೀಕ್ಷೆಯ ವಾರದ ಕೊನೆಯ ಬೆಳಗು.

ಬಿಸಿಲು ಏರುವ ಹೊತ್ತಿಗೆ ಆಚೆಯಿಂದ ಗಾಜಿನ ಲಾರಿ ಬರುತ್ತದೆ. ಈಚೆ ಕಟ್ಟುತ್ತಿರುವ ಒಂದು ಆಸ್ಪತ್ರೆಯ ಕಿಟಕಿಗಳಿಗೆ ಬೇಕಾದ ಗಾಜು. ಸಾಕಣ್ಣ ಅದನ್ನು ಗೆರೆಯ ತನಕ ಕರೆತಂದು “ಸಾಕು” ಎನ್ನುತ್ತಾರೆ. ನಮ್ಮ ಖಾಲಿ ಲಾರಿ ಆಗಲೇ ಅಲ್ಲಿ ನಿಂತಿದೆ. ಚಕ್ರಗಳಿಗೆ ಕಲ್ಲು ಕೊಟ್ಟು, ಟಾರ್ಪಾಲು ಎತ್ತಿದಾಗ ಆಚೆಯ ಮೇಸ್ತ್ರಿ ಹಣೆ ಚಚ್ಚಿಕೊಳ್ಳುತ್ತಾನೆ.

ಗಾಜಿನ ಪೆಟ್ಟಿಗೆಗಳು ಹಿಂಬಾಗಿಲಿಗೇ ಅಂಟಿಕೊಂಡು ನಿಂತಿವೆ. ಆರು ಪೆಟ್ಟಿಗೆ, ಆಳೆತ್ತರದವು. ಅವುಗಳ ಹಿಂದೆ, ಒಳಗಡೆ, ಪ್ಲಾಸ್ಟಿಕ್ ಕುರ್ಚಿ ಮತ್ತು ಬಕೆಟ್ಟುಗಳು. ಈ ಹನ್ನೊಂದು ತಿಂಗಳಲ್ಲಿ ಆಚೆಯೂ ಹಳೆಯ ಕೈಗಳು ಚದುರಿಹೋಗಿವೆ. ಹೊಸದಾಗಿ ಬಂದವರು, ಗಾಜು ಬೇಗ ಇಳಿಯಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಅದನ್ನು ಕೊನೆಗೆ ತುಂಬಿದ್ದಾರೆ. ಈಗ ಗಾಜು ದಾಟದೆ ಬೇರೇನೂ ದಾಟದು. ಗಾಜು ದಾಟಬೇಕಾದರೆ ನಮ್ಮ ಲಾರಿ ಒಂದು ಗೇಣು ಎತ್ತರದಲ್ಲಿದೆ. ಏರುಹಲಗೆಯ ಮೇಲೆ ತಳ್ಳಿದರೆ ಆಳೆತ್ತರದ ಪೆಟ್ಟಿಗೆ ಹಿಂದಕ್ಕೆ ವಾಲುತ್ತದೆ. ಸರಕು ಎತ್ತುವ ಯಂತ್ರ ಗೆರೆ ದಾಟುವಂತಿಲ್ಲ. ಲಾರಿ ವಾಪಸು ಹೋಗುವಂತೆಯೂ ಇಲ್ಲ.

“ಏನ್ ಬೀಗರೇ ಇದು?” ಸಾಕಣ್ಣ ಕೇಳುತ್ತಾರೆ.

“ಹುಡುಗರು ಹೊಸದು. ಬಯ್ಯಿ. ನನಗೆ ಬಯ್ಯಿ.”

“ಬಯ್ಯೋದಕ್ಕೆ ಸಂಜೆ ಇದೆ.”

ನಮ್ಮ ಕಡೆಯ ಅಧಿಕಾರಿ ಕೋಣೆಯಿಂದ ಇಳಿದು ಬರುತ್ತಾರೆ. ವಯಸ್ಸಿನಲ್ಲಿ ಸಾಕಣ್ಣನ ಮಗಳಷ್ಟೇ ಇರಬೇಕು. ಪೆಟ್ಟಿಗೆ ನೋಡುತ್ತಾರೆ, ಹಲಗೆ ನೋಡುತ್ತಾರೆ. “ಖಾಲಿ ಲಾರಿಗೆ ಮೊದಲೇ ಏನಾದ್ರೂ ಭಾರ ಹಾಕಿದ್ರೆ ತಗ್ಗಲ್ವಾ?”

“ತಗ್ಗುತ್ತೆ ಮೇಡಂ. ಹಾಕೋಕೆ ಏನಿದೆ? ನಮ್ಮ ಶುಂಠಿ ಮೂಟೆ ಎಲ್ಲ ಬೆಳಿಗ್ಗೇನೇ ಆಚೆ ಹೋಗಾಯ್ತು.”

ಹಮಾಲರ ಗುಂಪಿನಲ್ಲಿ ಪಟಾಕಿ ಎಂದು ಹೆಸರಾದ ಒಬ್ಬನಿದ್ದಾನೆ. ಅವನ ಬಾಯಿ ಸುಮ್ಮನಿರುವುದಿಲ್ಲ. “ನಮ್ಮನ್ನೇ ತುಂಬ್ಕೊಳ್ಳಿ. ನಾವೇನು ಶುಂಠಿ ಮೂಟೆಗಿಂತ ಕಮ್ಮಿನಾ?”

ಎಲ್ಲರೂ ನಕ್ಕರು. ಸಾಕಣ್ಣ ನಗಲಿಲ್ಲ. ಪಟಾಕಿಯ ಕಡೆಗೆ ತಿರುಗಿ, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಪಟಾಕಿ ಎರಡು ಹೆಜ್ಜೆ ಹಿಂದೆ ಸರಿದ.

“ಲಾರಿ ಹತ್ತು,” ಎಂದರು.

“ತಮಾಷೆಗೆ ಅಂದೆ ಅಣ್ಣ.”

“ನಾನು ತಮಾಷೆಗೆ ಅನ್ನಲಿಲ್ಲ. ಹತ್ತು.”

ಮುಂದಿನ ಒಂದು ಗಂಟೆ ಅಂಗಳದಲ್ಲಿ ನಡೆದದ್ದನ್ನು ನೋಡದವರಿಗೆ ಹೇಳುವುದು ಕಷ್ಟ. ನಮ್ಮ ಕಡೆ ಉಳಿದಿದ್ದ ಹಮಾಲರೆಲ್ಲ ಖಾಲಿ ಲಾರಿ ಹತ್ತುತ್ತಾರೆ. ಚಹಾದಂಗಡಿಯವನು ಹತ್ತುತ್ತಾನೆ. ಕ್ಲೀನರುಗಳು ಹತ್ತುತ್ತಾರೆ. ತೂಕದ ಕಟ್ಟೆಯ ಗುಮಾಸ್ತರು ಭಾರಿ ಆಳು. ಅವರು ಏಣಿಗೆ ಕಾಲಿಟ್ಟಾಗ ಪಟಾಕಿ ಮೇಲಿನಿಂದ, “ಸಾಹೇಬ್ರು ಬಂದ್ರೆ ನಾವು ಮೂರು ಜನ ಇಳೀಬಹುದು” ಎನ್ನುತ್ತಾನೆ. “ದಿನಾ ಊರಿನ ತೂಕ ನೋಡ್ತೀನಿ, ಇವತ್ತು ನನ್ನ ತೂಕ ನೀವು ನೋಡಿ” ಎಂದು ಅವರೂ ನಗುತ್ತಾರೆ. ಸಾಕಣ್ಣ ನನ್ನ ಕಡೆಗೂ ನೋಡಿದರು. “ನೀನೂ ಹತ್ತು ಮಗಳೇ. ಕಡ್ಡಿ ಹಾಗಿದ್ದೀಯ, ಆದ್ರೂ ಇರ್ಲಿ.” ಅಧಿಕಾರಿ ಒಂದು ಕ್ಷಣ ತಮ್ಮ ಕೋಣೆಯ ಕಡೆ ನೋಡಿ, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಹತ್ತಿಯೇಬಿಟ್ಟರು.

ಸಾಲದು. ಸಾಕಣ್ಣ ಅಂಗೈ ಇಟ್ಟು ನೋಡಿ ತಲೆಯಾಡಿಸುತ್ತಾರೆ. ಹಾಗಾದರೆ ಆಚೆಯವರು ಬರಬೇಕು. ಹಮಾಲರಿಗೆ ಎದುರು ಲಾರಿಯ ಮೇಲೆ ಕಾಲಿಡಲು ಪರವಾನಗಿಯಿದೆ, ಎದುರು ನೆಲದ ಮೇಲೆ ಇಲ್ಲ. ಮೇಸ್ತ್ರಿ ತನ್ನವರಿಗೆ ಏನೋ ಕೂಗಿ ಹೇಳುತ್ತಾನೆ. ಅವರು ಪೆಟ್ಟಿಗೆಗಳ ಪಕ್ಕದ ಸಂದಿಯಲ್ಲಿ ಒಬ್ಬೊಬ್ಬರೇ ನುಸುಳಿ, ಹಲಗೆಯ ಮೇಲೆ ನಡೆದು, ನಮ್ಮ ಲಾರಿಗೆ ಬರುತ್ತಾರೆ. ಹತ್ತು, ಇಪ್ಪತ್ತು, ಇನ್ನೂ ಬರುತ್ತಾರೆ. ನಡುವೆ ಪೆಟ್ಟಿಗೆಗೆ ದಾರಿ ಬಿಟ್ಟು, ಹಿಂದಿನ ಚಕ್ರಗಳ ಮೇಲೆ ಎರಡೂ ಬದಿಗೆ ಒತ್ತಿಕೊಂಡು ನಿಲ್ಲುತ್ತಾರೆ. ನನ್ನ ಪಕ್ಕದಲ್ಲಿ ಆಚೆಯ ಒಬ್ಬ ಮುದುಕ ನಿಂತಿದ್ದಾನೆ. ಅವನ ಭುಜ ನನ್ನ ಭುಜಕ್ಕೆ ತಾಗದಿರಲೆಂದು ಆದಷ್ಟು ಮುದುಡಿಕೊಂಡಿದ್ದಾನೆ. ಕಾಲಡಿಯ ಹಲಗೆ ನಿಧಾನವಾಗಿ ಕುಗ್ಗುವುದು ಅಂಗಾಲಿಗೆ ತಿಳಿಯುತ್ತದೆ. ಎರಡು ದೇಶದ ಜನ ಒಂದೇ ತಕ್ಕಡಿಯ ತಟ್ಟೆಯಲ್ಲಿ ನಿಂತಿದ್ದೇವೆ, ಉಸಿರಾಡುವ ಕಲ್ಲುಗಳ ಹಾಗೆ.

“ಸಮ ಬಂತು,” ಎಂದರು ಸಾಕಣ್ಣ.

ಆಮೇಲೆ ಲೆಕ್ಕ ಹೇಳಿದರು. ಒಂದು ಪೆಟ್ಟಿಗೆ ಹೆಚ್ಚುಕಡಿಮೆ ಐದು ಜನರ ಭಾರ. ಪೆಟ್ಟಿಗೆ ಈಚೆ ಬಂದು ನಿಂತ ಮೇಲೆ ಆಚೆಯವರು ಐದು ಜನ ಹಲಗೆ ದಾಟಿ ತಮ್ಮ ಲಾರಿಗೆ ಹೋಗಬೇಕು. ಬಂದಷ್ಟೇ ಹೋಗಬೇಕು, ಹೋದಷ್ಟೇ ಬರಬೇಕು. ಆಗ ಎರಡೂ ಲಾರಿ ಮಟ್ಟ ಬಿಡುವುದಿಲ್ಲ. “ನಾನು ಹೇಳೋ ತನಕ ಯಾರೂ ಕಾಲೆತ್ತಬಾರ್ದು. ಸೀನು ಬಂದ್ರೂ ನುಂಗ್ಕೊಳ್ಳಿ.” ಮೇಸ್ತ್ರಿ ಅದನ್ನು ಅವರ ಭಾಷೆಗೆ ತಿರುಗಿಸುತ್ತಾನೆ. ಸೀನಿನ ಮಾತಿಗೆ ಆಚೆಯವರೂ ನಗುತ್ತಾರೆ, ಒಂದು ಕ್ಷಣ ತಡವಾಗಿ.

ಕಬ್ಬಿಣದ ಪೈಪುಗಳ ಮೇಲೆ ಮೊದಲ ಪೆಟ್ಟಿಗೆ ಉರುಳುತ್ತದೆ. ಎಂಟು ಕೈಗಳು ಅದನ್ನು ಹಿಡಿದಿವೆ. ಗಾಜಿನೊಳಗೆ ಆಕಾಶ ಅಲುಗುತ್ತದೆ. ಗೆರೆ ದಾಟುತ್ತದೆ, ಒಳಗೆ ಬರುತ್ತದೆ, ನಮ್ಮ ಎರಡು ಸಾಲುಗಳ ನಡುವೆ ಹಾದು ಮುಂದಕ್ಕೆ ಹೋಗಿ ನಿಲ್ಲುತ್ತದೆ. “ಐದು.” ಐದು ಜನ ಆಚೆ ನಡೆಯುತ್ತಾರೆ. ಎರಡನೆಯದು. “ಐದು.” ಮೂರನೆಯದು. ಅಂಗಳದಲ್ಲಿ ಅಷ್ಟೊಂದು ಜನರಿದ್ದೂ ಪೈಪು ಉರುಳುವ ಸದ್ದೊಂದೇ ಕೇಳುತ್ತದೆ.

ನಾಲ್ಕನೆಯ ಪೆಟ್ಟಿಗೆ ಗೆರೆಯ ಮೇಲಿರುವಾಗ ಅದು ಆಯಿತು. ನನ್ನ ಪಕ್ಕದ ಮುದುಕ ತನ್ನ ಸರದಿ ಬಂತೆಂದು ತಿಳಿದು ಮುಂಚೆಯೇ ಹಲಗೆಯ ಅಂಚಿಗೆ ಕಾಲಿಟ್ಟ. ಅವನ ಹಿಂದೆ ಇನ್ನಿಬ್ಬರು. ಕಾಲಡಿಯ ಲಾರಿ ಮೈಮುರಿದಂತೆ ಒಂದು ಬೆರಳು ಮೇಲೆದ್ದಿತು. ಹಲಗೆ ಓರೆಯಾಯಿತು. ಒಂದು ಪೈಪು ಸಂದಿಯಲ್ಲಿ ಜಾರಿ ಗೆರೆಯ ಮೇಲೆ ಠಣ್ ಎಂದು ಬಿತ್ತು. ಪೆಟ್ಟಿಗೆ ವಾಲತೊಡಗಿತು.

ಸಾಕಣ್ಣ ಸಂದಿಯ ಪಕ್ಕದಲ್ಲೇ ಇದ್ದರು. ಪೆಟ್ಟಿಗೆ ಬಿದ್ದರೆ ಅವರ ಮೇಲೆಯೇ ಬೀಳಬೇಕು. ಅವರು ಸರಿಯಲಿಲ್ಲ. ಮುದುಕನ ಮುಖವನ್ನೇ ನೋಡುತ್ತ, ಅಂಗೈಯನ್ನು ನೆಲಕ್ಕೆ ಒತ್ತುವಂತೆ ತೋರಿಸಿದರು. ಹೇಳಿದ್ದು ನಮ್ಮ ಭಾಷೆಯಲ್ಲೇ, “ಅಲ್ಲೇ ಇರಪ್ಪ, ಏನಾಗಿಲ್ಲ.” ಮುದುಕ ನಿಂತ. ಆಮೇಲೆ ಅದೇ ದನಿಯಲ್ಲಿ ನಮ್ಮ ಕಡೆಗೆ:

“ಮೇಡಂ, ಒಂದು ಹೆಜ್ಜೆ ನನ್ನ ಕಡೆ ಬನ್ನಿ. ಪಟಾಕಿ, ನೀನೂ. ಸಾಹೇಬ್ರೇ, ನೀವು ಅರ್ಧ ಹೆಜ್ಜೆ. ಅರ್ಧಾನೇ... ಸಾಕು.”

ಲಾರಿ ಕುಗ್ಗಿತು. ವಾಲಿದ್ದ ಪೆಟ್ಟಿಗೆ, ನಿದ್ದೆಗಣ್ಣಲ್ಲಿ ತೂಗಿದ ತಲೆ ಎಚ್ಚರಾದಂತೆ, ಮೆಲ್ಲಗೆ ನೆಟ್ಟಗಾಯಿತು. ಎಂಟು ಕೈಗಳು ತಳ್ಳಿದವು. ಒಳಗೆ ಬಂತು. ಆಗಲೇ ಗೊತ್ತಾದದ್ದು, ಅಧಿಕಾರಿ ನನ್ನ ಮೊಣಕೈ ಹಿಡಿದುಕೊಂಡಿದ್ದರು, ನಾನು ಆಚೆಯ ಯಾರದೋ ತೋಳು ಹಿಡಿದುಕೊಂಡಿದ್ದೆ.

ಐದು ಮತ್ತು ಆರನೆಯ ಪೆಟ್ಟಿಗೆಗಳು ಮದುಮಕ್ಕಳ ಹಾಗೆ ಮೆಲ್ಲಮೆಲ್ಲಗೆ ಬಂದವು. ಕೊನೆಯ ಐದು ಜನರಲ್ಲಿ ಆ ಮುದುಕನೂ ಇದ್ದ. ಹಲಗೆಯ ಮೇಲೆ ನಿಂತು ಸಾಕಣ್ಣನಿಗೆ ಏನೋ ಹೇಳಿದ. ತಪ್ಪಾಯಿತು ಎಂದಿರಬೇಕು. ಸಾಕಣ್ಣ ತಲೆಯ ಟವೆಲ್ ಬಿಚ್ಚಿ ಅವನಿಗೆ ಹಣೆಯ ಬೆವರು ಒರೆಸಿಕೊಳ್ಳಲು ಕೊಟ್ಟರು. ಉಳಿದ ಕುರ್ಚಿ, ಬಕೆಟ್ಟುಗಳನ್ನು ಹುಡುಗರು ಚೆಂಡಿನಂತೆ ಎಸೆದು ಹಿಡಿದು ಹಾಡುತ್ತ ದಾಟಿಸಿದರು.

ಮಧ್ಯಾಹ್ನ ಎರಡೂ ಕಡೆಯ ಅಧಿಕಾರಿಗಳು ಆರೂ ಪೆಟ್ಟಿಗೆಗಳನ್ನು ದೀಪ ಹಿಡಿದು ಪರೀಕ್ಷಿಸುತ್ತಾರೆ. ಒಂದು ಗೀರೂ ಇಲ್ಲ. ಗೆರೆಯ ಮೇಲೆ ಒಂದು ಮೇಜು ಇಟ್ಟು, ಎರಡು ಕಾಲು ಆಚೆ, ಎರಡು ಕಾಲು ಈಚೆ, ಸಹಿ ಹಾಕುತ್ತಾರೆ. ಗೇಟು ಇನ್ನು ಒಂದು ವರ್ಷ ತೆರೆದಿರುತ್ತದೆ. ಸುದ್ದಿ ಬೇಲಿ ದಾಟಿ ಬೀದಿಗೆ ಹೋಗುತ್ತದೆ. ಅಂಗಡಿಗಳ ಬಾಗಿಲುಗಳು ಒಂದೊಂದಾಗಿ ಮೇಲೇಳುವ ಸದ್ದು ಅಂಗಳದವರೆಗೂ ಕೇಳುತ್ತದೆ.

ಹನ್ನೊಂದು ತಿಂಗಳು ಬೆನ್ನ ಹಿಂದೆ ಮಾತಾಡಿದ ಬೀದಿಯಿಂದ ಪಂಕ್ಚರ್ ಅಂಗಡಿಯವನು ಬೇಲಿಯ ತನಕ ಬಂದು ನಿಲ್ಲುತ್ತಾನೆ. “ಊಟ ಆಯ್ತಾ ಸಾಕಣ್ಣ?” ಎ‌ನ್ನುತ್ತಾನೆ. “ಇನ್ನೂ ಇಲ್ಲಪ್ಪ, ತರ್ತಿದ್ದಾಳೆ” ಎನ್ನುತ್ತಾರೆ ಇವರು. ಅಷ್ಟರಲ್ಲೇ ಏನೋ ಒಂದು ಇತ್ಯರ್ಥವಾದಂತೆ ಅವನು ಹೊರಟುಹೋಗುತ್ತಾನೆ.

ಹೆಂಡತಿ ಬೇಲಿಯ ಸಂದಿಯಿಂದ ಊಟದ ಡಬ್ಬಿ ಒಳಗೆ ಕೊಡುತ್ತಾರೆ. ಬೆರಳಿಗೆ ಇನ್ನೂ ಟಾರ್ಪಾಲಿನ ದಾರ ಸುತ್ತಿದೆ. ಅವಸರದಲ್ಲಿ ಬಂದಿದ್ದಾರೆ.

“ಊರೆಲ್ಲಾ ಲಾರಿ ಹತ್ತಿತ್ತಂತೆ. ಏನಾಯ್ತು?”

“ಏನೂ ಆಗಲಿಲ್ಲ ಕಣೇ.”

“ಏನೂ ಆಗದೇ ಇರೋದಕ್ಕೆ ಇಷ್ಟು ಹೊತ್ತು ಬೇಕಾಯ್ತಾ?”

ಸಾಕಣ್ಣ ಡಬ್ಬಿಯ ಮುಚ್ಚಳ ತೆಗೆದು ಕೆಳಗೆ ಕೂತರು. ಮೊದಲ ತುತ್ತು ನುಂಗಿದ ಮೇಲೆ ಹೇಳಿದರು:

“ಹೂಂ. ಏನೂ ಆಗದ ಹಾಗೆ ಮಾಡೋಕೇ ಹೊತ್ತು ಹಿಡಿಯೋದು. ಅದೊಂದು ನನಗೆ ಬರುತ್ತೆ.”